ಪ್ರತಿಕ್ರಿಯೆ: ಚುನಾವಣೆ, ಸುಂಕದ ಗಲಾಟೆ ಇದ್ದರೆ ಕಂಪನಿ ಖರೀದಿ ನಿಂತುಬಿಡುತ್ತದಾ?

ನೀವು ಕೇಳಿದ್ದು, ರಾಜಕೀಯ ಇಷ್ಟು ಅಲುಗಾಡುವಾಗಲೂ ದೊಡ್ಡ ಕಂಪನಿಗಳು ಖರೀದಿಗೆ ಹೇಗೆ ಕೈ ಹಾಕುತ್ತವೆ ಅಂತ, ಅಲ್ವಾ? ಖರೀದಿ ನಿಲ್ಲುವುದಿಲ್ಲ, ತಡವಾಗುತ್ತದೆ ಅಷ್ಟೇ. 2025ರಲ್ಲಿ ಒಪ್ಪಂದಗಳ ಸಂಖ್ಯೆ ಇಳಿಯಿತು, ಒಟ್ಟು ಮೌಲ್ಯ ಏರಿತು. ಕಾಯುವ ತಾಕತ್ತು ದೊಡ್ಡವರಿಗೆ ಜಾಸ್ತಿ.

ನಿಪ್ಪಾನ್ ಸ್ಟೀಲ್ ಕಥೆ ನೋಡಿ. 2023ರ ಡಿಸೆಂಬರ್‌ನಲ್ಲಿ ಈ ಜಪಾನಿ ಕಂಪನಿ ಅಮೆರಿಕದ ಯುಎಸ್ ಸ್ಟೀಲ್‌ಗೆ ಷೇರಿಗೆ 55 ಡಾಲರ್ ಕೊಡುತ್ತೇನೆ ಎಂದಿತು. ಒಟ್ಟು ಸುಮಾರು 14 ಬಿಲಿಯನ್ ಡಾಲರ್. ಯುಎಸ್ ಸ್ಟೀಲ್ ಷೇರುದಾರರು 2024ರ ಏಪ್ರಿಲ್‌ನಲ್ಲೇ ಒಪ್ಪಿದರು. ಆದರೆ ಈ ಕಂಪನಿ ಇರುವುದು ಪಿಟ್ಸ್‌ಬರ್ಗ್‌ನಲ್ಲಿ, ಅಂದರೆ ಚುನಾವಣೆಯ ಗೆಲುವು ತೀರ್ಮಾನಿಸುವ ಪೆನ್ಸಿಲ್ವೇನಿಯಾದಲ್ಲಿ. ಕಾರ್ಮಿಕ ಸಂಘ ಬೇಡ ಎಂದಿತು. ಆಗಿನ ಅಧ್ಯಕ್ಷ ಬೈಡನ್, ಎದುರಾಳಿ ಟ್ರಂಪ್ ಇಬ್ಬರೂ ವಿರೋಧಿಸಿದರು! ಬೈಡನ್ 2025ರ ಜನವರಿ 3ರಂದು ತಡೆದೇಬಿಟ್ಟರು. ಕಾರಣ ರಾಷ್ಟ್ರೀಯ ಭದ್ರತೆ. ಜಪಾನ್ ಮಿತ್ರದೇಶ ತಾನೇ, ನನಗಂತೂ ಇದು ಮತದ ಲೆಕ್ಕವೇ.

ಆಮೇಲೆ ಅಧ್ಯಕ್ಷರಾದ ಟ್ರಂಪ್ ಒಪ್ಪಿಗೆ ಕೊಟ್ಟರು, ಜೂನ್ 18ಕ್ಕೆ ಅದೇ ಖರೀದಿ, ಅದೇ 55 ಡಾಲರ್‌ಗೆ ಮುಗಿಯಿತು. ಬದಲಾಗಿದ್ದು ಷರತ್ತು. 2028ರೊಳಗೆ 11 ಬಿಲಿಯನ್ ಡಾಲರ್ ಹೂಡಿಕೆ, ಜೊತೆಗೆ ಅಮೆರಿಕ ಸರ್ಕಾರಕ್ಕೆ ಒಂದು 'ಗೋಲ್ಡನ್ ಶೇರ್'. ಇದರ ಬಲದಿಂದ ಕಂಪನಿಯ ಹೆಸರು ಬದಲಿಸುವುದನ್ನು, ಮುಖ್ಯ ಕಚೇರಿ ಸಾಗಿಸುವುದನ್ನು ಸರ್ಕಾರ ತಡೆಯಬಹುದು. ದುಡ್ಡು ಜಪಾನಿನದು, ಬೇಡ ಅನ್ನುವ ಹಕ್ಕು ವಾಷಿಂಗ್ಟನ್‌ದು.

ಹೀಗಾಗಿ ಒಪ್ಪಂದ ಮುರಿದರೆ ಕೊಡಬೇಕಾದ ಪರಿಹಾರ, ಕೊನೆಯ ಗಡುವು ಇವುಗಳ ಮೇಲೆ ಈಗ ಚೌಕಾಸಿ ಜೋರು. ಇಲ್ಲಿ ನಿಪ್ಪಾನ್ ಸೋತಿದ್ದರೆ 565 ಮಿಲಿಯನ್ ಡಾಲರ್ ತೆರಬೇಕಿತ್ತು. ನೀವು ಇಂಥ ಷೇರು ನೋಡುತ್ತಿದ್ದರೆ, ಘೋಷಿಸಿದ ಬೆಲೆಗೂ ಮಾರುಕಟ್ಟೆ ಬೆಲೆಗೂ ಇರುವ ಅಂತರ ಮೊದಲು ನೋಡಿ; ಅದು ದೊಡ್ಡದಿದ್ದರೆ, ಒಪ್ಪಂದ ಮುರಿಯಬಹುದು ಎಂಬ ಭಯ ಮಾರುಕಟ್ಟೆಗಿದೆ ಅಂತ.