ಕೆಲಸ ಬಿಟ್ಟು ಷಿಕಾಗೊದಲ್ಲಿ ಕಪ್ಪು ಜನರ ಹೋರಾಟಕ್ಕೆ ಪೂರ್ತಿ ಇಳಿಯಬೇಕು ಅಂತಿದ್ದೇನೆ, ಮನೆಯವರನ್ನು ಒಪ್ಪಿಸುವುದು ಹೇಗೆ?

ಒಪ್ಪಿಸಬೇಡಿ. ಕೆಲಸವನ್ನೂ ಬಿಡಬೇಡಿ.

ಅಮೆರಿಕದಲ್ಲಿ ದುಡಿಯಲು ಕಂಪನಿ ಅರ್ಜಿ ಹಾಕಿ ಕೊಡಿಸುವ ಎಚ್-1ಬಿ ವೀಸಾ, ಗೋಡೆ ಮೇಲೆ ಷಿಕಾಗೊದ ಕಪ್ಪು ಹೋರಾಟಗಾರ ಫ್ರೆಡ್ ಹ್ಯಾಂಪ್ಟನ್ ಚಿತ್ರ, "ಆ ಜನರ ಗೊಡವೆ ನಿನಗ್ಯಾಕೆ" ಅನ್ನುವ ಅಪ್ಪ. ನೀವು ಬರೆದದ್ದೆಲ್ಲ ನನ್ನ ಕಥೆಯೇ.

2015ರ ನವೆಂಬರ್ 24ರಂದು ಲಕ್ವಾನ್ ಮೆಕ್‌ಡೊನಾಲ್ಡ್‌ನನ್ನು ಷಿಕಾಗೊ ಪೊಲೀಸ್ ಕೊಂದ ವಿಡಿಯೊ ಹೊರಗೆ ಬಂತು. 17 ವರ್ಷದ ಕಪ್ಪು ಹುಡುಗ, ಪೊಲೀಸ್ ಹೊಡೆದದ್ದು 16 ಗುಂಡು. ಹುಡುಗ ಸತ್ತು ಆಗಲೇ ವರ್ಷ ದಾಟಿತ್ತು, ಕೋರ್ಟ್ ಹೇಳಿದ ಮೇಲಷ್ಟೇ ವಿಡಿಯೊ ಬಿಟ್ಟರು. ಅದೇ ವಾರ ಬ್ಲ್ಯಾಕ್ ಫ್ರೈಡೇ, ಅಂದರೆ ಅಮೆರಿಕದ ದೊಡ್ಡ ರಿಯಾಯಿತಿ ಮಾರಾಟದ ದಿನ, ಷಿಕಾಗೊದ ಮಿಷಿಗನ್ ಅವೆನ್ಯೂದಲ್ಲಿ ಜನ ದೊಡ್ಡ ದೊಡ್ಡ ಅಂಗಡಿಗಳ ಬಾಗಿಲಿಗೆ ಅಡ್ಡ ನಿಂತರು. ನಾನೂ ನಿಂತಿದ್ದೆ. ಅಲ್ಲಿಂದ ವಾಪಸ್ ಬಂದು ಆಫೀಸಿನಲ್ಲಿ ಕೂರುವುದೇ ಕಷ್ಟವಾಯಿತು.

ಒಂದು ಸಣ್ಣ ಗುಂಪು ಸೇರಿದೆ. ಜಾಮೀನಿಗೆ ಹಣ ಒಟ್ಟು ಮಾಡುವವರು. ಷಿಕಾಗೊ ಇರುವ ಇಲಿನಾಯ್ ರಾಜ್ಯದಲ್ಲಿ ಆಗ ಜಡ್ಜ್ ಹೇಳಿದ ಮೊತ್ತದಲ್ಲಿ 10% ಕಟ್ಟಿದರೆ ಹೊರಗೆ ಬಿಡುತ್ತಿದ್ದರು. 50,000 ಡಾಲರ್ ಅಂದರೆ 5,000 ಕೈಯಲ್ಲಿರಬೇಕು. ಇಲ್ಲದಿದ್ದರೆ ಕೇಸು ಮುಗಿಯುವವರೆಗೂ ಷಿಕಾಗೊದ ಕುಕ್ ಕೌಂಟಿ ಜೈಲು. ಒಳಗಿದ್ದವರಲ್ಲಿ ಕಪ್ಪು ಜನರೇ ಜಾಸ್ತಿ.

ನನ್ನ ಪಾಲಿಗೆ ಬಂದದ್ದು 26ನೇ ಬೀದಿ ಮತ್ತು ಕ್ಯಾಲಿಫೋರ್ನಿಯಾ ಅವೆನ್ಯೂ ಮೂಲೆಯಲ್ಲಿರುವ ಕ್ರಿಮಿನಲ್ ಕೋರ್ಟಿಗೆ ಮನೆಯವರ ಜೊತೆ ಹೋಗುವ ಕೆಲಸ. ಒಬ್ಬ ಅಜ್ಜಿ, ಒಳಗಿದ್ದವನು ಅವರ ಮೊಮ್ಮಗ. ಕೋರ್ಟಿನೊಳಗೆ ಆಗ ಮೊಬೈಲ್ ಬಿಡುತ್ತಿರಲಿಲ್ಲ, ಹಾಗಾಗಿ ಅಜ್ಜಿ ವಕೀಲರ ನಂಬರನ್ನು ಚರ್ಚಿನ ಕರಪತ್ರದ ಹಿಂದೆ ಬರೆದುಕೊಂಡು ಬರುತ್ತಿದ್ದರು. ಬೆಳಗ್ಗೆಯೆಲ್ಲ ಬೆಂಚಿನ ಮೇಲೆ ಕಾದರೆ ಕೇಸು ಕೂಗಿ ಎರಡು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಯಾರು ಏನಂದರು ಅಂತ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಮುಂದಿನ ತಾರೀಕು, ಜಡ್ಜ್ ಹೆಸರು, ವಕೀಲರು ಕೇಳಿದ್ದು, ಸರ್ಕಾರದ ಕಡೆಯವರು ಹೇಳಿದ್ದು ಎಲ್ಲ ಗೀಚಿಕೊಳ್ಳುತ್ತಿದ್ದೆ. ಬಸ್ ಸ್ಟಾಪಿನಲ್ಲಿ ಅಜ್ಜಿ ಅದನ್ನು ಓದಿಸಿ ಕೇಳಿ, ಮತ್ತೆ ಓದಿಸಿ, ಆಮೇಲೆ ಬಸ್ ಹತ್ತುತ್ತಿದ್ದರು. ಮೊಮ್ಮಗನ ಜಾಮೀನು ಅರ್ಜಿಯ ಓಡಾಟವೂ ನನ್ನದೇ.

ಇದು ಚಿಲ್ಲರೆ ಕೆಲಸ, ನಿಜವಾದ ಹೋರಾಟಗಾರ ಸಂಬಳಕ್ಕೆ ದುಡಿಯಬಾರದು ಅಂತ ನನ್ನ ತಲೆಯಲ್ಲಿ ಕೂತಿತ್ತು. 2017ರಲ್ಲಿ ರಾಜೀನಾಮೆ ಕೊಟ್ಟೆ.

ಇದನ್ನು ಬಿಡಿಸಿ ಹೇಳುತ್ತೇನೆ, ನೀವೂ ಇದನ್ನೇ ಮಾಡಲು ಹೊರಟಿದ್ದೀರಿ. ಎಚ್-1ಬಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಸಮಯ ಕೊಡುವ ನಿಯಮ ಅದೇ ವರ್ಷ ಬಂದಿತ್ತು. ಗುಂಪಿನವರು "ನಾವೇ ಕೆಲಸ ಕೊಡುತ್ತೇವೆ" ಅಂದಿದ್ದರು, 60 ದಿನ ಧಾರಾಳ ಆಯಿತು ಅಂದುಕೊಂಡೆ. ಆದರೆ ಬಾಯಿಮಾತಿನ ಕೆಲಸಕ್ಕೆ ಬೆಲೆ ಇಲ್ಲ. ಹೊಸ ಮಾಲೀಕರು ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಬೇಕು. ಆ ಹುದ್ದೆಗೆ ಅದೇ ವಿಷಯದ ಡಿಗ್ರಿ ಬೇಕೇ ಬೇಕು ಅಂತ ತೋರಿಸಬೇಕು. ಆ ಊರಿನಲ್ಲಿ ಅಂಥ ಕೆಲಸಕ್ಕೆ ನಡೆಯುವ ಸಂಬಳ ಕೊಡಬೇಕು. ಫೀಸು ಕಟ್ಟಬೇಕು. ಬಾಡಿಗೆ ಕಟ್ಟುವುದಕ್ಕೇ ಪರದಾಡುವ ಗುಂಪು ಇದನ್ನೆಲ್ಲ ಎಲ್ಲಿಂದ ಮಾಡುತ್ತದೆ? ಹಳೇ ಕೆಲಸದಲ್ಲಿ ಇದ್ದುಕೊಂಡೇ ಹೊಸ ಅರ್ಜಿ ಹಾಕಿಸಿದ್ದರೆ, ಅದು ತಲುಪಿದ ದಿನದಿಂದಲೇ ಹೊಸ ಕಡೆ ಕೆಲಸ ಶುರು ಮಾಡಬಹುದಿತ್ತು. ಅವರ ಕೈಲಿ ಆಗುವುದಿಲ್ಲ ಅಂತ ಗೊತ್ತಾಗಿದ್ದರೆ ಸುಮ್ಮನೆ ಹಳೇ ಕೆಲಸದಲ್ಲೇ ಉಳಿಯಬಹುದಿತ್ತು. ಅರ್ಜಿ ಮೊದಲು, ರಾಜೀನಾಮೆ ಆಮೇಲೆ. ನಾನು ತಿರುಗುಮುರುಗು ಮಾಡಿದೆ. ಗಡುವು ಮುಗಿಯುವ ಹೊತ್ತಿಗೆ ಬೆಂಗಳೂರಿನ ವಿಮಾನ ಹತ್ತಿದ್ದೆ.

ಮುಂದಿನ ತಾರೀಕಿಗೆ ಅಜ್ಜಿ ಒಬ್ಬರೇ ಹೋದರು. ನಾನು ಅರ್ಧಕ್ಕೆ ಬಿಟ್ಟ ಜಾಮೀನು ಅರ್ಜಿಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ತಪ್ಪು ಒಪ್ಪಿಕೊಂಡರೆ ಇವತ್ತೇ ಮನೆಗೆ ಹೋಗಬಹುದು ಅಂತ ಹುಡುಗನಿಗೆ ಹೇಳಿದರು. ಜೈಲಿನಲ್ಲಿ ತಿಂಗಳುಗಟ್ಟಲೆ ಕೂತವನು ಇನ್ನೇನು ಮಾಡುತ್ತಾನೆ? ಒಪ್ಪಿಕೊಂಡ. ಈಗ ಕೆಲಸ ಕೇಳಿದರೂ ಬಾಡಿಗೆ ಮನೆ ಕೇಳಿದರೂ ಆ ದಾಖಲೆ ಅವನ ಮುಂದೆ ಬಂದು ನಿಲ್ಲುತ್ತದೆ. ನನ್ನ ಸಂಬಳ ಹೋದದ್ದು ದೊಡ್ಡ ಮಾತಲ್ಲ, ಇದು ಈಗಲೂ ನೋಯುತ್ತದೆ.

ಹ್ಯಾಂಪ್ಟನ್ ತರ ಬದುಕಬೇಕು ಅಂತ ಬರೆದಿದ್ದೀರಿ. ಅವರು ಷಿಕಾಗೊ ಪಕ್ಕದ ಮೇವುಡ್‌ನಲ್ಲಿ ಶುರು ಮಾಡಿದ್ದು ಕಪ್ಪು ಮಕ್ಕಳಿಗೂ ಒಂದು ಈಜುಕೊಳ ಬೇಕು ಅನ್ನುವ ಹೋರಾಟದಿಂದ. ಕಪ್ಪು ಜನರ ಹೋರಾಟದ ಪಕ್ಷ ಬ್ಲ್ಯಾಕ್ ಪ್ಯಾಂಥರ್ಸ್ ಸೇರಿದ ಮೇಲೂ ಬೆಳಗ್ಗೆ ಎದ್ದು ಶಾಲೆ ಮಕ್ಕಳಿಗೆ ತಿಂಡಿ ಬಡಿಸುವುದು ಅವರ ಕೆಲಸದ ಭಾಗವೇ. ಪೋರ್ಟೊರಿಕೊ ಮೂಲದ ಯಂಗ್ ಲಾರ್ಡ್ಸ್ ಹುಡುಗರನ್ನೂ ಬಡ ಬಿಳಿಯರ ಯಂಗ್ ಪೇಟ್ರಿಯಟ್ಸ್ ಗುಂಪನ್ನೂ ಒಟ್ಟಿಗೆ ಕೂರಿಸಿದರು. 1969ರ ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು ಮನೆಗೆ ನುಗ್ಗಿ ಅವರನ್ನು ಕೊಂದಾಗ ವಯಸ್ಸು 21. ಮನೆಯ ನಕ್ಷೆ ಕೊಟ್ಟವನು ವಿಲಿಯಂ ಓನೀಲ್, ಅಮೆರಿಕ ಸರ್ಕಾರದ ತನಿಖಾ ಸಂಸ್ಥೆ ಎಫ್‌ಬಿಐನ ಮಾಹಿತಿದಾರ.

ಇಷ್ಟು ನಿಮಗೆ ಗೊತ್ತೇ ಇರುತ್ತದೆ. ಆಮೇಲಿನದನ್ನು ಓದಿ. ಪೊಲೀಸರು ಆ ಮನೆಗೆ ಬೀಗ ಹಾಕಿರಲಿಲ್ಲ. ಜನ ಸಾಲಾಗಿ ಒಳಗೆ ಬಂದು ಗೋಡೆಯಲ್ಲಿ ಗುಂಡು ಯಾವ ಕಡೆಯಿಂದ ಹೊಕ್ಕಿದೆ ಅಂತ ಕಣ್ಣಾರೆ ನೋಡಿದರು. ಪೀಪಲ್ಸ್ ಲಾ ಆಫೀಸ್ ಅನ್ನುವ ಷಿಕಾಗೊದ ವಕೀಲರ ಕಚೇರಿಯ ಎಳೆಯ ವಕೀಲರು ಆ ಸಾಕ್ಷ್ಯ ಕಾಪಾಡಿಕೊಂಡರು. 1982ರಲ್ಲಿ 18.5 ಲಕ್ಷ ಡಾಲರ್ ಪರಿಹಾರಕ್ಕೆ ಸರ್ಕಾರ ಒಪ್ಪುವವರೆಗೂ ಕೇಸು ಬಿಡಲಿಲ್ಲ. ಜಾನ್ ಬರ್ಜ್ ಅನ್ನುವ ಪೊಲೀಸ್ ಅಧಿಕಾರಿ ಮತ್ತು ಅವನ ಕೈಕೆಳಗಿನವರು 1972ರಿಂದ 1991ರವರೆಗೆ 100ಕ್ಕೂ ಹೆಚ್ಚು ಜನರಿಗೆ ಚಿತ್ರಹಿಂಸೆ ಕೊಟ್ಟದ್ದರ ಬೆನ್ನು ಹತ್ತಿದವರಲ್ಲೂ ಅದೇ ಆಫೀಸಿನವರಿದ್ದರು. ಜೈಲಿನಲ್ಲಿದ್ದವರ ತಾಯಂದಿರೂ ಜೊತೆಗಿದ್ದರು. 2015ರಲ್ಲಿ ಷಿಕಾಗೊ ನಗರ 55 ಲಕ್ಷ ಡಾಲರ್ ಪರಿಹಾರ ಕೊಟ್ಟು, ಈ ಇತಿಹಾಸವನ್ನು ಶಾಲೆಯಲ್ಲಿ ಪಾಠ ಮಾಡಲೂ ಒಪ್ಪಿತು. ನನ್ನ ಪ್ರಕಾರ ಇವರಷ್ಟು ಗಟ್ಟಿ ಹೋರಾಟಗಾರರು ಬೇರೆ ಇಲ್ಲ. ಊರು ಬಿಟ್ಟು ಹೋಗಲಿಲ್ಲ, ಅಷ್ಟೇ. ನೀವು ಕೆಲಸ ಬಿಟ್ಟರೆ ಊರನ್ನೂ ಬಿಡಬೇಕಾಗುತ್ತದೆ.

ಅಪ್ಪನ ಮಾತಿಗೆ ಬರುತ್ತೇನೆ. ಅಂಬೇಡ್ಕರ್ 1946ರಲ್ಲೇ ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ದಲಿತ್ ಪ್ಯಾಂಥರ್ಸ್ ಹೆಸರನ್ನೇ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ತಂದರು. ಗೊಡವೆ ಹಳೆಯದು ಅಂತ ಹೇಳಿ. ಆದರೆ "ಇಂಡಿಯಾದಲ್ಲಿ ಹೀಗೆಲ್ಲ ಇಲ್ಲ" ಅಂತ ನೀವೇ ಬರೆದ ಸಾಲನ್ನು ಅಳಿಸಿ. 2000ದಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಪಕ್ಕ ಒಬ್ಬರು ಕೂರುವುದು ಎಷ್ಟು ಮುಖ್ಯ ಅಂತ ಈಗ ನನಗೆ ಗೊತ್ತು. ಇಲ್ಲಿ ಅದೇ ಮಾಡುತ್ತೇನೆ, ರಜೆ ಹಾಕಿ, ಕೆಲಸ ಬಿಡದೆ.

ಮೊದಲು ವೀಸಾ ವಕೀಲರನ್ನು ನೋಡಿ. ಬಂಧನವಾದರೆ ಏನಾಗುತ್ತದೆ ಅಂತಲೂ ಕೇಳಿ, ರಸ್ತೆ ತಡೆಗೆ ಕೂರುವ ಮೊದಲೇ. ಮೈಕ್ ಹಿಡಿದು ಭಾಷಣ ಮಾಡುವುದು ಬೇಡ. 2023ರ ಸೆಪ್ಟೆಂಬರ್ 18ರಿಂದ ಇಲಿನಾಯ್‌ನಲ್ಲಿ ಜಾಮೀನಿಗೆ ಹಣ ಕಟ್ಟುವ ಪದ್ಧತಿಯೇ ಇಲ್ಲ, ಅಮೆರಿಕದಲ್ಲಿ ಅದನ್ನು ಪೂರ್ತಿ ತೆಗೆದ ಮೊದಲ ರಾಜ್ಯ ಅದು. ಕೇಸುಗಳಂತೂ ಇವೆ. ತಾರೀಕು ತಪ್ಪಿದರೆ ವಾರಂಟ್ ಬರಬಹುದು, ಅದಕ್ಕೇ ಬೆಳಗ್ಗೆ ಬೇಗ ಮನೆ ಬಾಗಿಲಿಗೆ ಹೋಗಿ ಕೋರ್ಟಿಗೆ ಕರೆದುಕೊಂಡು ಬರುವವರು ಬೇಕು. ನಿಮ್ಮ ಹತ್ತಿರ ಕಾರಿದೆ ಅಂತ ಬರೆದಿದ್ದೀರಿ, ವಾರಕ್ಕೆ ಒಂದು ಬೆಳಗ್ಗೆ ಅದನ್ನು ಗುಂಪಿಗೆ ಕೊಡಿ.