ಆವು ಅಂದರೆ ಹಸು

ಅಕ್ಕ, ಮೊನ್ನೆ ನೀವು ಕೇಳಿದ್ದಕ್ಕೆ ಬಾಗಿಲಲ್ಲಿ ನಿಂತು ಉತ್ತರ ಕೊಡೋಕೆ ಆಗಲಿಲ್ಲ. "ಮಗನ ಬುದ್ಧಿಮತ್ತೆ ಪರೀಕ್ಷೆ ಮುಗಿದು ಮೂರು ವಾರ ಆಯ್ತಲ್ಲ, ರಿಪೋರ್ಟ್ ಇನ್ನೂ ಯಾಕೆ ಬಂದಿಲ್ಲ? ಶಾಲೆ ಶುರುವಾಗೋಕೆ ಬಂತು" ಅಂದಿರಿ. ಹುಡುಗ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ. ಅವನ ಮುಂದೆ ಅವನ ವಿಷಯ ಮಾತಾಡೋದನ್ನು ಬಿಟ್ಟಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೇ ಸಂಗತಿ. ನೀವು ಮೈಸೂರಿನಿಂದ ಬಳ್ಳಾರಿಗೆ ಬಂದ ಹೊಸದರಲ್ಲಿ ನಾನು "ಒಗ್ಗರಣೆ ತಿಂತೀರಾ?" ಅಂತ ಕೇಳಿದ್ದೆ. ನೀವು ಸುಮ್ನೆ ನನ್ನ ಮುಖ ನೋಡಿದಿರಿ. ನಿಮ್ಮ ಕಡೆ ಒಗ್ಗರಣೆ ಅಂದರೆ ಸಾಸಿವೆ, ಕರಿಬೇವು ಸಿಡಿಸೋದು. ಅದನ್ನು ತಿನ್ನೋದು ಹೇಗೆ ಅಂತ ನಿಮಗೆ. ನಮ್ಮಲ್ಲಿ ಅದು ಮಂಡಕ್ಕಿ ನೆನೆಸಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಬಾಡಿಸಿ, ಮೇಲೆ ಪುಟಾಣಿ ಪುಡಿ ಉದುರಿಸೋ ತಿಂಡಿ. ಪಕ್ಕದಲ್ಲಿ ಮಿರ್ಚಿ ಇರಲೇಬೇಕು. ಗಡಿ ದಾಟಿ ಆಂಧ್ರದ ಆದೋನಿಗೆ ಹೋದರೆ ಇದನ್ನೇ ಉಗ್ಗಾನಿ ಅಂತಾರೆ. ಆವತ್ತು ನೀವೂ ನಕ್ಕಿರಿ, ನಾನೂ ನಕ್ಕೆ. ನಿಮಗೆ ಯಾರೂ ಅಂಕ ಕಳೆಯಲಿಲ್ಲ. ನನ್ನ ಮಗನದೂ ಹೆಚ್ಚುಕಡಿಮೆ ಅದೇ ಕತೆ. ಅವನ ಎದುರಿಗೆ ಕೂತವರ ಕೈಯಲ್ಲಿ ಪೆನ್ನಿತ್ತು, ಅಷ್ಟೇ.

ನನ್ನ ತವರು ಸಿರುಗುಪ್ಪ ಕಡೆ, ಕನ್ನಡದ ಮನೆ. ಗಂಡನ ಮನೆಯವರ ಮೂಲ ಆದೋನಿ. ಮದ್ರಾಸ್ ಸರ್ಕಾರದ ಕಾಲದಲ್ಲಿ ಆದೋನಿಯೂ ಬಳ್ಳಾರಿ ಜಿಲ್ಲೆಯ ಒಂದು ತಾಲೂಕೇ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ಬೇರೆ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಹೆಣ್ಣು ಕೊಡೋದು, ತರೋದು ಮಾತ್ರ ನಿಲ್ಲಲಿಲ್ಲ. ನಾನೂ ಹಾಗೇ ಈ ಮನೆಗೆ ಬಂದವಳು.

ಮನೆಯಲ್ಲಿ ಅತ್ತೆಯದು ತೆಲುಗು, ನನ್ನದು ಕನ್ನಡ, ಗಂಡನದು ಎರಡೂ. ಓಣಿಯಲ್ಲಿ ಆಡೋ ಹುಡುಗರದು ದಖನಿ ಉರ್ದು. ನಾನು ಬೆಳಗ್ಗೆ ಒಂಬತ್ತಕ್ಕೆ ಜೀನ್ಸ್ ಹೊಲಿಯೋ ಕಾರ್ಖಾನೆಗೆ ಲೆಕ್ಕ ಬರೆಯೋಕೆ ಹೋದರೆ ಬರೋದು ಸಂಜೆ ಏಳಕ್ಕೆ. ಅಲ್ಲಿತನಕ ಹುಡುಗನ ಕಿವಿಗೆ ಬೀಳೋದು ಯಾರ ಮಾತು ಹೇಳಿ? ಅತ್ತೆಯನ್ನು ಅವನು "ಅವ್ವ" ಅಂತಾನೆ. ಆ ಕಡೆಯ ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ನಮ್ಮ ತವರಿನಲ್ಲಿ ಅವ್ವ ಅಂದರೆ ಹೆತ್ತವಳು. ನಮ್ಮವ್ವ ಮೊದಲ ಸಲ ಅದನ್ನು ಕೇಳಿಸಿಕೊಂಡು, "ಮತ್ತೆ ನೀನ್ಯಾರು ಅವನಿಗೆ?" ಅಂತ ಕಣ್ಣಲ್ಲಿ ನೀರು ತಂದುಕೊಂಡಿದ್ದಳು.

ಮಾತು ತಡವಾಯಿತು. ಮೂರು ತುಂಬಿದರೂ ಎರಡು ಪದ ಕೂಡಿಸುತ್ತಿರಲಿಲ್ಲ. ಎಲ್ಲರ ಹತ್ತಿರವೂ ಒಂದೊಂದು ಔಷಧಿ ಇತ್ತು. ಬಜೆ ತೇಯ್ದು ನಾಲಿಗೆಗೆ ಹಚ್ಚಿದೆವು. ಅತ್ತೆ ಕನಕದುರ್ಗಮ್ಮನಿಗೆ ಹರಕೆ ಹೊತ್ತರು. "ಗಂಡುಹುಡುಗರಿಗೆ ಮಾತು ತಡಾನೇ" ಅಂತ ಓಣಿಯವರೆಲ್ಲ ಸಮಾಧಾನ ಹೇಳಿದರು. ಮೊದಲು ಕಿವಿ ತೋರಿಸಿ ಅಂದವರು ಅಂಗನವಾಡಿ ಟೀಚರ್ ಒಬ್ಬರೇ. ಸರಿಯಾದ ಮಾತು ಅದೊಂದೇ ಆಗಿತ್ತು. ಕಿವಿ ಚೆನ್ನಾಗಿದೆ ಅಂತ ಬಂತು. ಐದರ ಹತ್ತಿರ ಮಾತೂ ಬಂತು. ಬಂದಿದ್ದು ಮೂರು ಭಾಷೆ ಒಟ್ಟಿಗೆ. "ಅವ್ವ, ನೀಳ್ಳು ಬೇಕು, ಜಲ್ದಿ" ಅಂತಾನೆ. ನೀಳ್ಳು ತೆಲುಗು, ಬೇಕು ಕನ್ನಡ, ಜಲ್ದಿ ಓಣಿಯದು. ನೀರು ಸಿಗುತ್ತೆ. ಮನೆಯಲ್ಲಿ ಯಾರಿಗೂ ಇದು ತೊಂದರೆ ಅನ್ನಿಸಿರಲಿಲ್ಲ.

ಏಪ್ರಿಲ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸೋಕೆ ಒಂದು ಖಾಸಗಿ ಶಾಲೆಗೆ ಹೋದೆವು. ಅಲ್ಲಿನ ಮೇಡಂ ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ಇವನು ನನ್ನ ಸೆರಗಿನ ಹಿಂದೆ ಸೇರಿಕೊಂಡ. ಅಪ್ಪ ಏನು ಮಾಡ್ತಾರೆ ಅಂತ ಕನ್ನಡದಲ್ಲಿ ಕೇಳಿದರು. ಇವನು ಚಾವಣಿಯ ಫ್ಯಾನ್ ನೋಡಿದ. "ಸೈಕಾಲಜಿಸ್ಟ್ ರಿಪೋರ್ಟ್ ತನ್ನಿ, ಆಮೇಲೆ ನೋಡೋಣ" ಅಂದರು. ಹಾಗೆ ಮಗುವನ್ನು ಜರಡಿ ಹಿಡಿದು ಸೇರಿಸಿಕೊಳ್ಳಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್‌ನಲ್ಲೇ ಇದೆ. ಗಂಡ ಜಗಳಕ್ಕೆ ನಿಂತರು. ನಾನೇ ಕೈ ಹಿಡಿದು ಎಳೆದುಕೊಂಡು ಬಂದೆ. ಜಗಳ ಮಾಡಿ ಸೇರಿಸಿದ ಜಾಗದಲ್ಲಿ ದಿನಾ ಮಗುವನ್ನು ಬಿಟ್ಟು ಬರೋದು ಹೇಗೆ?

ಆದರೂ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅವರಿಗೋಸ್ಕರ ಬೇಡ, ನಮಗೋಸ್ಕರ ನೋಡಿಸೋಣ ಅಂದುಕೊಂಡೆವು. ಎಲ್ಲಿ? ನಿಮ್ಮ ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ಸಿಟಿ ಬಸ್ಸಿನಲ್ಲಿ ಹೋಗಿ ಬರಬಹುದು. ನಮಗೆ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ, ಡಿಮ್ಹಾನ್ಸ್ ಅಂದರೆ ಪೂರಾ ಒಂದು ದಿನ. ನಿಮ್ಹಾನ್ಸ್ ಅಂದರೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿ. ಆ ರೈಲೂ ಗುಂತಕಲ್ ಮೇಲೆ, ಆಂಧ್ರ ಸುತ್ತಿಕೊಂಡೇ ಬೆಂಗಳೂರಿಗೆ ಹೋಗೋದು. ನಮ್ಮ ರಾಜಧಾನಿಗೆ ಹೋಗೋಕೂ ನಮಗೆ ಆ ಕಡೆಯ ಹಳಿ ಬೇಕು ನೋಡಿ. ಪುಣ್ಯಕ್ಕೆ ಊರಲ್ಲೇ ಒಬ್ಬರು ಸೈಕಾಲಜಿಸ್ಟ್ ವಾರಕ್ಕೆ ಎರಡು ದಿನ ನೋಡುತ್ತಾರೆ ಅಂತ ಗೊತ್ತಾಯಿತು. ಶಿವಮೊಗ್ಗ ಕಡೆಯವರು, ಚಿಕ್ಕ ವಯಸ್ಸು, ಮಾತು ಮೆತ್ತಗೆ.

ಈಗ ನನ್ನ ತಪ್ಪು ಹೇಳುತ್ತೇನೆ. ಒಳಗೆ ಹೋಗೋ ಮೊದಲು ಒಂದು ಫಾರಂ ಕೊಟ್ಟರು. ಮಗುವಿನ ಹೆಸರು, ಹುಟ್ಟಿದ ದಿನ, ಹೆರಿಗೆ ಹೇಗಾಯಿತು, ಯಾವಾಗ ನಡೆದ. ಕೆಳಗೆ ಮಾತೃಭಾಷೆ ಅಂತ ಒಂದು ಗೆರೆ. ನಾನು ಕನ್ನಡ ಅಂತ ಬರೆದೆ. ಯೋಚನೆಯನ್ನೇ ಮಾಡಲಿಲ್ಲ. ನಿಮಗೆ ಇದು ಅರ್ಥವಾಗಲಿಕ್ಕಿಲ್ಲ ಅಕ್ಕ. ಮೈಸೂರಿನಲ್ಲಿ ಆ ಗೆರೆ ಬರೀ ಗೆರೆ. ನಮ್ಮಲ್ಲಿ ಅದನ್ನು ತುಂಬಿಸೋದು ಅಂದರೆ ಯಾವ ಕಡೆಯವರು ಅಂತ ಸಾಕ್ಷಿ ಹೇಳಿದ ಹಾಗೆ. ಜನಗಣತಿಯವರು ಬಂದಾಗ ಯಾವ ಭಾಷೆ ಬರೆಸಬೇಕು ಅಂತ ನಮ್ಮಪ್ಪ ಮನೆಮಂದಿಗೆಲ್ಲ ಮೊದಲೇ ಹೇಳಿಡುತ್ತಿದ್ದರು. ಆ ಅಭ್ಯಾಸದಲ್ಲಿ ಕೈ ತಾನೇ ಬರೆಯಿತು. ಜೊತೆಗೆ, ತೆಲುಗು ಅಂತ ಬರೆದರೆ ಮುಂದೆ ಶಾಲೆಯಲ್ಲಿ ಏನಾದರೂ ಅಡ್ಡಿಯಾದೀತು ಅನ್ನೋ ಸಣ್ಣ ಭಯವೂ ಇತ್ತು.

ಒಳಗೆ ನನ್ನನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿ, "ದಯವಿಟ್ಟು ಏನೂ ಹೇಳಿಕೊಡಬೇಡಿ" ಅಂದರು. ಮೊದಲು ಮರದ ಒಂದು ಹಲಗೆ ಇಟ್ಟರು. ಸೆಗ್ವಿನ್ ಬೋರ್ಡ್ ಅಂತ ಅದಕ್ಕೆ. ಹತ್ತು ಗುಳಿ, ಹತ್ತು ತುಂಡು: ನಕ್ಷತ್ರ, ದುಂಡು, ತ್ರಿಕೋನ, ಅರ್ಧಚಂದ್ರ, ಹೀಗೆ. ತುಂಡುಗಳನ್ನು ತೆಗೆದು ಗುಡ್ಡೆ ಹಾಕಿ, ಗಡಿಯಾರ ಹಿಡಿದು, "ಬೇಗ ಬೇಗ ಜೋಡಿಸು" ಅಂದರು. ಮೂರು ಸಲ ಮಾಡಿಸುತ್ತಾರೆ, ಬೇಗ ಆದದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಇವನು ಟಕಟಕ ಅಂತ ಹಾಕಿದ. ಭಾನುವಾರ ನನ್ನ ಜೊತೆ ಕಾರ್ಖಾನೆಗೆ ಬಂದರೆ ಜೀನ್ಸಿನ ಗುಂಡಿ ಬೇರೆ, ರಿವೆಟ್ ಬೇರೆ ಮಾಡಿ ಡಬ್ಬಿಗೆ ತುಂಬೋ ಹುಡುಗ ಅವನು. ನನಗೆ ಎದೆ ಹಗುರವಾಯಿತು.

ಆಮೇಲೆ ಚಿತ್ರ ಬಂದವು. ಮನೆಯ ಚಿತ್ರ ತೋರಿಸಿ "ಇದೇನು ಪುಟ್ಟಾ?" ಅಂದರು. "ಇಲ್ಲು" ಅಂದ. ತೆಲುಗಿನಲ್ಲಿ ಮನೆ. ಅವರಿಗೆ "ಇಲ್ಲ" ಅಂತ ಕೇಳಿಸಿತು. "ಗೊತ್ತಿಲ್ವಾ? ಪರವಾಗಿಲ್ಲ" ಅಂತ ಪುಟ ತಿರುಗಿಸಿದರು. ಹಸುವಿನ ಚಿತ್ರ ಬಂತು. "ಆವು" ಅಂದ. ತೆಲುಗಿನಲ್ಲಿ ಆವು ಅಂದರೆ ಹಸು. ಹಳ್ಳಿ ಕಡೆ ಹಾಲಿಗೆ ಆಲು ಅನ್ನೋರು ಇದ್ದಾರಲ್ವಾ, ಹಾಗೆ ಹುಡುಗ ಹಕಾರ ನುಂಗಿ ಹಾವು ಅಂದ ಅಂತ ಅವರು ತಿಳಿದರು. ಹಸು ನೋಡಿ ಹಾವು ಅನ್ನೋ ಆರು ವರ್ಷದ ಹುಡುಗ! ಏನೋ ಬರೆದುಕೊಂಡರು. ನನ್ನ ಬಾಯಿ ತುದಿಗೆ ಬಂದಿತ್ತು. ಹೇಳಿಕೊಡಬೇಡಿ ಅಂದಿದ್ದಾರೆ, ಮೇಲಾಗಿ ಫಾರಂನಲ್ಲಿ ಕನ್ನಡ ಅಂತ ಬರೆದವಳು ನಾನು. ಸೀರೆಯ ಅಂಚು ಹಿಂಡಿಕೊಂಡು ಕೂತೆ. ಮೇ ತಿಂಗಳು, ಕರೆಂಟ್ ಬೇರೆ ಹೋಯಿತು. ಮೂರನೇ ಚಿತ್ರದ ಹೊತ್ತಿಗೆ ಹುಡುಗ ಬಾಯಿ ಮುಚ್ಚಿಕೊಂಡ. ಅವರ ಮುಖದಲ್ಲಿ ಏನೋ ಕಂಡಿರಬೇಕು. ಮಕ್ಕಳಿಗೆ ಅದು ಎಲ್ಲ ಭಾಷೆಯಲ್ಲೂ ಗೊತ್ತಾಗುತ್ತೆ.

ಕೊನೆಯಲ್ಲಿ ನನ್ನನ್ನು ಕೇಳೋ ಪ್ರಶ್ನೆಗಳಿದ್ದವು. ತಾನೇ ಊಟ ಮಾಡ್ತಾನಾ, ಬಟ್ಟೆ ಹಾಕಿಕೊಳ್ತಾನಾ ಅಂತ. ಅದೂ ನಮ್ಮಂಥ ಮನೆಗೆ ಪೇಚಿನ ಪ್ರಶ್ನೆ. ಅತ್ತೆ ಅವನಿಗೆ ಇವತ್ತಿಗೂ ತುತ್ತು ಮಾಡಿ ತಿನ್ನಿಸುತ್ತಾರೆ. ಬರುತ್ತೆ ಅನ್ನಲಾ, ಬರಲ್ಲ ಅನ್ನಲಾ? "ಬರುತ್ತೆ, ಬಿಡಲ್ಲ" ಅಂದೆ. ಅವರು ನಕ್ಕು ಬರೆದುಕೊಂಡರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಲೆಕ್ಕ ಬರೆಯೋಳಲ್ವಾ, ಅದನ್ನೇ ಮಾಡಿದೆ. ಅವರು ಹೇಳಿದ ಹಾಗೆ ಐಕ್ಯೂ ನಂಬರು ಅಂದರೆ ಬುದ್ಧಿಯ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸೋದು. ನನ್ನ ಮಗನಿಗೆ ಆರು ವರ್ಷ ಎರಡು ತಿಂಗಳು, ಅಂದರೆ 74 ತಿಂಗಳು. ಅವನು 62 ತಿಂಗಳ ಹುಡುಗನ ಹಾಗೆ ಉತ್ತರ ಕೊಟ್ಟಿದ್ದರೆ ಸುಮಾರು 84. 66 ತಿಂಗಳವನ ಹಾಗೆ ಕೊಟ್ಟಿದ್ದರೆ 89. ಎಂಬತ್ತೈದರ ಮೇಲಿದ್ದರೆ ಸಾಧಾರಣ ಅಂತಾರೆ. ಅದಕ್ಕಿಂತ ಸ್ವಲ್ಪ ಕೆಳಗಿದ್ದರೆ ಬಾರ್ಡರ್‌ಲೈನ್ ಅಂತಾರೆ. ಆ ಪದ ಕೇಳಿ ಗಂಡ, "ನಾವಿರೋದೇ ಬಾರ್ಡರ್‌ನಲ್ಲಿ" ಅಂದರು. ನನಗೆ ನಗು ಬರಲಿಲ್ಲ. ಒಂದು ಇಲ್ಲು, ಒಂದು ಆವು, ಇಂಥವು ನಾಲ್ಕು ಸೇರಿದರೆ ಸಾಕಲ್ಲ, ಗೆರೆ ದಾಟೋಕೆ.

ಎರಡನೇ ದಿನ ಹೋದಾಗ ಕೂರೋ ಮೊದಲೇ ಹೇಳಿಬಿಟ್ಟೆ. ಮೇಡಂ, ಫಾರಂನಲ್ಲಿ ತಪ್ಪು ಬರೆದಿದ್ದೇನೆ, ಮನೆಯಲ್ಲಿ ಜಾಸ್ತಿ ತೆಲುಗು, ಆವು ಅಂದರೆ ಹಸು ಅಂತ. ಅವರು ಪೆನ್ನು ಕೆಳಗಿಟ್ಟರು. ಫೈಲು ತೆಗೆದು ಹಿಂದಿನ ದಿನದ ಹಾಳೆ ನೋಡಿದರು. "ಅಯ್ಯೋ, ಇಲ್ಲು ಅಂದರೆ ಮನೆನಾ?" ಅಂದರು. ಬೈಯಲಿಲ್ಲ. ಈ ಪರೀಕ್ಷೆಯ ಕತೆಯನ್ನೂ ಅವರೇ ಹೇಳಿದ್ದು. ಪ್ಯಾರಿಸ್‌ನಲ್ಲಿ ಬಿನೆ ಅನ್ನೋರು 1905ರಲ್ಲಿ ಮಾಡಿದ ಪರೀಕ್ಷೆಯಂತೆ, ಶಾಲೆಯಲ್ಲಿ ಯಾವ ಮಕ್ಕಳಿಗೆ ಜಾಸ್ತಿ ಸಹಾಯ ಬೇಕು ಅಂತ ಗುರುತಿಸೋಕೆ. 1930ರ ದಶಕದಲ್ಲಿ ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್. ಅದಕ್ಕೇ ಬಿನೆ–ಕಾಮತ್ ಪರೀಕ್ಷೆ ಅನ್ನೋ ಹೆಸರು. ಅವರು ಕೆಲಸ ಮಾಡಿದ್ದು ಆಗಿನ ಮುಂಬೈ ಪ್ರಾಂತದ ಕರ್ನಾಟಕದಲ್ಲಿ, ಅಲ್ಲಿನ ಗಡಿಯ ಎರಡೂ ಭಾಷೆ ಅವರ ಗಮನದಲ್ಲಿತ್ತು. ನಮ್ಮ ಗಡಿ ಆಗ ಮದ್ರಾಸಿನಲ್ಲಿತ್ತು.

ರಿಪೋರ್ಟ್ ತಡವಾಗಿರೋದು ಇದಕ್ಕೇ ಅಕ್ಕ. ಅವರು ಬೇಕಿದ್ದರೆ ಅವತ್ತೇ ಒಂದು ನಂಬರು ಬರೆದು ಕೊಟ್ಟುಬಿಡಬಹುದಿತ್ತು. ಕೊಡಲಿಲ್ಲ. ತೆಲುಗು ಬರೋ ಅವರ ಸಹೋದ್ಯೋಗಿ ಒಬ್ಬರು ರಜೆಯಲ್ಲಿದ್ದರು. ಅವರು ಬಂದ ಮೇಲೆ ಮಾತಿನ ಭಾಗವನ್ನು ಇಬ್ಬರೂ ಕೂತು ನೋಡುತ್ತೇವೆ, ಯಾವ ಉತ್ತರ ಯಾವ ಭಾಷೆಯಲ್ಲಿ ಬಂತು ಅಂತ ರಿಪೋರ್ಟಿನಲ್ಲಿ ಬರೆಯುತ್ತೇವೆ ಅಂದರು. ಹೋದ ಗುರುವಾರ ಆ ಭಾಗ ಮುಗಿಯಿತು. ಬರೋ ಸೋಮವಾರ ಫೋನ್ ಮಾಡಿ ಅಂದಿದ್ದಾರೆ. ನನಗೆ ನಂಬರಿಗಿಂತ ಆ ಒಂದು ಸಾಲು ಮುಖ್ಯವಾಗಿದೆ. ಹಾಗಂತ ನಂಬರಿನ ಭಯ ಹೋಗಿದೆ ಅಂದರೆ ಸುಳ್ಳು. ಎಲ್ಲಾ ಭಾಷೆಯ ತಪ್ಪೇ ಅಂತ ನಾನೂ ಹೇಳಲಾರೆ. ಅವನು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡೋದು ಕಡಿಮೆ, ಅದು ನನಗೂ ಕಾಣುತ್ತೆ. ಏನಿದೆಯೋ ಅದು ಬರಲಿ. ಇಲ್ಲದ್ದು ಬರಬಾರದು, ಅಷ್ಟೇ.

ಶಾಲೆಯ ಚಿಂತೆ ಬಿಡಿ. ನಮ್ಮ ಓಣಿಯ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿದ್ದೇನೆ. "ರಿಪೋರ್ಟ್ ಬಂದಾಗ ಬರಲಿ, ಹುಡುಗನ್ನ ಮೊದಲು ಕರ್ಕೊಂಡು ಬನ್ನಿ. ನನ್ನ ಕ್ಲಾಸಲ್ಲಿ ಅರ್ಧ ಮಕ್ಕಳು ಹಿಂಗೇ ಮಾತಾಡ್ತಾರೆ" ಅಂದರು. ಬೇಕಾದರೆ ನಮ್ಮ ಬ್ಲಾಕಿನ ಬಿಐಇಆರ್‌ಟಿ ಟೀಚರನ್ನು ಕರೆಸುತ್ತಾರಂತೆ, ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳೋರು. ಖಾಸಗಿ ಶಾಲೆಗೆ ಅಂತ ಗಂಡ ಕೂಡಿಟ್ಟ ದುಡ್ಡು ಹಾಗೇ ಇದೆ. ಮಾತು ಕಲಿಸೋ ಥೆರಪಿಗೆ ಬೇಕಾಗಬಹುದು.

ಕಾಯೋದು ನನಗಿಂತ ಅತ್ತೆಗೆ ಕಷ್ಟ. ತಮ್ಮ ಮಾತಿನಿಂದಲೇ ಮೊಮ್ಮಗ ಫೇಲಾದ ಅಂತ ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಾನಂತೂ ಹೇಳಿಲ್ಲ. ಈಗ ಮಧ್ಯಾಹ್ನ ಊಟ ಆದ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು ಕನ್ನಡ ಪಾಠ ಮಾಡುತ್ತಾರೆ. ಅವರ ಕನ್ನಡ ಕೇಳಿದ್ದೀರಲ್ಲ! ಹೀಗೆ ಗಟ್ಟು ಹೊಡೆಸಬೇಡಿ ಅಂತ ಮೇಡಂ ಹೇಳಿದ್ದಾರೆ ಅಂದರೂ ಕೇಳಲ್ಲ. ನಿನ್ನೆ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಗೋಡೆ ಕಡೆ ಬೆರಳು ತೋರಿಸಿ, "ಇಲ್ಲು ಅನಬಾರದು ನಾಯನಾ, ಮನೆ ಅನು. ಮ-ನೆ" ಅಂತಿದ್ದರು. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿದ. ಆಮೇಲೆ ದೊಡ್ಡ ದನಿಯಲ್ಲಿ "ಮನ ಇಲ್ಲು!" ಅಂದ.

ತೆಲುಗಿನಲ್ಲಿ ನಮ್ಮ ಮನೆ ಅಂತ. ಅತ್ತೆ ಅವನನ್ನು ತಬ್ಬಿಕೊಂಡುಬಿಟ್ಟರು. ಅಡುಗೆಮನೆಯಲ್ಲಿದ್ದ ನನಗೆ ಒಂದು ಕ್ಷಣ "ಮನೆ ಇಲ್ಲ" ಅಂದ ಹಾಗೆ ಕೇಳಿಸಿ, ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಸೋಮವಾರ ಫೋನ್ ಮಾಡಿ ನಿಮಗೂ ಹೇಳುತ್ತೇನೆ.