ಸಾಣೆ ರಾಡಿಗೆ ಬಲ ಬೇಡ, ಓರೆ ಸರಿಯಿರಲಿ

ಪ್ರಶ್ನೆ: ಕಡಿಮೆ ಬೆಲೆಯ ಸಾಣೆ ರಾಡ್ ತರಿಸಿದೆ. ಹತ್ತು ನಿಮಿಷ ತಿಕ್ಕಿದರೂ ಚಾಕು ಉಳ್ಳಾಗಡ್ಡಿ ಮೇಲೆ ಜಾರುತ್ತೆ. ಮೋಸ ಹೋದೆನಾ? (ಕಲಬುರಗಿಯ ಓದುಗರು)

ವಾರ ತಪ್ಪದೆ ಇದೇ ಪ್ರಶ್ನೆ! ದಿನಾ ಹೆಚ್ಚುವಾಗ ಅಲಗಿನ ಅಂಚು ಸವೆಯೋಕೆ ಮೊದಲೇ ಒಂದು ಬದಿಗೆ ಬಾಗುತ್ತೆ. ಗೆರೆ ಗೆರೆಯ ಉಕ್ಕಿನ ರಾಡ್ ಆ ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತೆ. ಅಷ್ಟೇ ಅದರ ಕೆಲಸ. ಅಂಚು ಸವೆದು ದುಂಡಗಾಗಿದ್ದರೆ ಬೆಳಗಿನ ತನಕ ತಿಕ್ಕಿದರೂ ಉಪಯೋಗವಿಲ್ಲ.

ನಿಮ್ಮದು ಯಾವುದು ಅಂತ ಈಗಲೇ ನೋಡಿ. ಚಾಕುವಿನ ಅಂಚನ್ನು ಮೇಲೆ ಮಾಡಿ ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಹರಿತವಾದ ಅಂಚಿನಲ್ಲಿ ಬೆಳಕು ಕಾಣಲ್ಲ. ಮೊಂಡಾದ ಕಡೆ ದಾರದಷ್ಟು ಸಣ್ಣ ಬಿಳಿ ಗೆರೆ ಹೊಳೆಯುತ್ತೆ. ಉದ್ದಕ್ಕೂ ಹೊಳೆದರೆ ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಮ್ ಕಲ್ಲು ತನ್ನಿ. ನೀರು ಹಾಕಿ ಮೊದಲು ಒರಟು ಬದಿ, ಆಮೇಲೆ ನುಣುಪು ಬದಿಯಲ್ಲಿ ಮಸೆಯಿರಿ. ರಾಡ್ ಆಮೇಲಿನ ಮಾತು.

ವಿಡಿಯೊದಲ್ಲಿ ಗಾಳಿಯಲ್ಲಿ ಸರ್ರನೆ ಚಾಕು ಬೀಸ್ತಾರಲ್ವಾ, ದಯವಿಟ್ಟು ಅದನ್ನು ಮಾಡಬೇಡಿ. ಒದ್ದೆ ಬಟ್ಟೆ ಮಡಚಿ ಕಟ್ಟೆ ಮೇಲಿಡಿ. ರಾಡಿನ ತುದಿಯನ್ನು ಅದಕ್ಕೆ ಊರಿ ನೆಟ್ಟಗೆ ನಿಲ್ಲಿಸಿ. ಜಾರಲ್ಲ, ಕೈಯೂ ಉಳಿಯುತ್ತೆ. ಚಾಕುವನ್ನು ರಾಡಿಗೆ ಅಡ್ಡ ಹಿಡಿದರೆ 90 ಡಿಗ್ರಿ. ಅದರ ಅರ್ಧ 45. ಅದರಲ್ಲೂ ಅರ್ಧಕ್ಕಿಂತ ಚೂರು ಕಡಿಮೆ, ಅಂದರೆ ಸುಮಾರು 20 ಡಿಗ್ರಿ ಓರೆ ಇರಲಿ. ಹಿಡಿಯ ಹತ್ತಿರದಿಂದ ಶುರು ಮಾಡಿ, ಕೆಳಗಿಳಿಸುತ್ತಾ ತುದಿಯವರೆಗೆ ಎಳೆಯಿರಿ. ಒಮ್ಮೆ ಈ ಬದಿ, ಒಮ್ಮೆ ಆ ಬದಿ. ಬದಿಗೆ ನಾಲ್ಕೈದು ಸಲ ಸಾಕು. ಒತ್ತಬೇಡಿ, ಚಾಕುವಿನ ಭಾರವೇ ಸಾಕು. ಒತ್ತಿದರೆ ಅಂಚು ಇನ್ನೊಂದು ಬದಿಗೆ ಮಗುಚುತ್ತೆ. ನಿಮ್ಮ ಹತ್ತು ನಿಮಿಷದಲ್ಲಿ ಬಹುಶಃ ಇದೇ ಆಗಿದೆ. ಕೊನೆಗೆ ಒದ್ದೆ ಬಟ್ಟೆಯಿಂದ ಚಾಕು ಒರೆಸಿ, ಕಣ್ಣಿಗೆ ಕಾಣದ ಉಕ್ಕಿನ ಪುಡಿ ಅಂಟಿರುತ್ತೆ. ಪರೀಕ್ಷೆಗೆ ಟೊಮೆಟೊ ಇದೆ, ಹೆಬ್ಬೆರಳು ಬೇಡವೇ ಬೇಡ.

ಡೈಮಂಡ್ ಲೇಪನದ ರಾಡ್ ಆದರೆ ಅದು ಉಕ್ಕನ್ನೇ ಕೆರೆಯುತ್ತೆ. ಅದನ್ನು ದಿನಾ ಬಳಸಿದರೆ ಚಾಕುವೇ ಸಣ್ಣದಾಗುತ್ತೆ. ಮೊಂಡಾದಾಗ ಮಾತ್ರ ಬಳಸಿ.

ಪ್ರಶ್ನೆ: ಮನೆಯ ಶಹಾಬಾದ್ ಫರಸಿಗೆ ತಿಕ್ಕಿದರೆ ಸಾಲದೇ? (ಯಾದಗಿರಿ)

ಸಾಲದು. ಫರಸಿ ಸುಣ್ಣದ ಕಲ್ಲು. ಗಟ್ಟಿತನ ಹೋಲಿಸುವ ಮೋಸ್ (Mohs) ಅಳತೆಯಲ್ಲಿ ಅದು ಸುಮಾರು 3, ಚಾಕುವಿನ ಉಕ್ಕಿನದು 5ಕ್ಕೂ ಮೇಲೆ. ಚಾಕುವೇ ಕಲ್ಲನ್ನು ಕೆರೆಯುತ್ತೆ. ಅಲ್ಲಿ ಉದುರೋ ಬೂದು ಪುಡಿ ಹೆಚ್ಚಾಗಿ ನಿಮ್ಮ ನೆಲದ್ದು.

ಪ್ರಶ್ನೆ: ಮಿಕ್ಸಿಗೆ ಕಲ್ಲುಪ್ಪು ಹಾಕಿ ತಿರುಗಿಸಿದರೆ ಬ್ಲೇಡ್ ಹರಿತ ಆಗುತ್ತಂತೆ? (ಬೀದರ್)

ಆಗಲ್ಲ. ಉಪ್ಪು ಫರಸಿಗಿಂತಲೂ ಮೆತ್ತಗೆ. ಇದನ್ನು ಹಬ್ಬಿಸುವವರ ಮಾತು ಕೇಳಲೇಬೇಡಿ.

ಪ್ರಶ್ನೆ: ಈಳಿಗೆಗೂ ರಾಡ್ ಹಾಕಬಹುದೇ? (ಹುಮನಾಬಾದ್)

ಬೇಡ. ನಿಂತ ಅಲಗಿನ ಪಕ್ಕ ಕೈ ಓಡಿಸೋದು ನನಗೆ ಒಪ್ಪಿಗೆಯಿಲ್ಲ. ಸಾಣೆಯವರಿಗೆ ಕೊಡಿ, ಆದರೆ ಎದುರಿಗೇ ನಿಂತು ನೋಡಿ. ನೀರಿಗೆ ಅದ್ದದೆ ಗಾಲಿಗೆ ಹಿಡಿದೇ ಇದ್ದರೆ ಅಂಚು ಕಾದು ನೀಲಿಯಾಗುತ್ತೆ. ಆ ಜಾಗದ ಉಕ್ಕು ಮೆತ್ತಗಾಯಿತು ಅಂತ ಅರ್ಥ. ಕೂಡಲೇ ನಿಲ್ಲಿಸಲು ಹೇಳಿ.